ನಡುಹಾದಿಯ ನೌಕರನನ್ನು ಕೇಳುವವರು ಯಾರು?

ಕಳೆದ ಯುಗಾದಿಗೆ ಮನೆಗೆ ಬಂದಿದ್ದ ನನ್ನ ತಂಗಿಯ ಮಗ ಊಟದ ನಂತರ ಒಂದು ಮಾತು ಹೇಳಿದ. ಅವನಿಗೀಗ ನಲವತ್ತೊಂದು ವರ್ಷ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಹದಿನಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದಾನೆ. ಸ್ವಂತ ಮನೆಯಿದೆ, ಮಗಳು ಒಳ್ಳೆಯ ಶಾಲೆಗೆ ಹೋಗುತ್ತಿದ್ದಾಳೆ. ‘ಕೆಲಸ ಕಷ್ಟ ಅಂತಲ್ಲ ಮಾವ. ಸಂಬಳಕ್ಕೂ ಕೊರತೆಯಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಶೂ ಹಾಕಿಕೊಳ್ಳುವಾಗ, ಇವತ್ತು ನಾನು ಹೋಗದಿದ್ದರೆ ಅಲ್ಲಿ ಏನು ನಿಂತುಹೋಗುತ್ತೆ ಅಂತ ಯೋಚಿಸ್ತೀನಿ. ಏನೂ ನಿಲ್ಲಲ್ಲ’ ಎಂದ.

ಇಂಥ ಸಂದರ್ಭದಲ್ಲಿ ಹಿರಿಯರು ಹೇಳುವುದನ್ನೇ ನಾನೂ ಹೇಳಿದೆ. ಇಷ್ಟು ಸಂಬಳದ ಕೆಲಸ ಎಷ್ಟು ಜನರಿಗೆ ಸಿಗುತ್ತದೆ, ಹೊರಗೆ ಹೋಗಿ ನೋಡು ಎಂದೆ. ಅವನು ವಾದಿಸಲಿಲ್ಲ. ‘ಅದೂ ಸರಿ ಮಾವ’ ಎಂದು ಎದ್ದು ಹೋದ. ಅವನು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಏಕೆಂದರೆ ಇದೇ ಉತ್ತರವನ್ನು ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನು ಮತ್ತೊಬ್ಬರಿಗೂ ಕೊಟ್ಟಿದ್ದೆ. ಅದರ ಪರಿಣಾಮವನ್ನೂ ಕಂಡಿದ್ದೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ನಮ್ಮ ಸಮಾಜದಲ್ಲಿ ಕೆಲಸ ಸಿಗುವುದರ ಬಗ್ಗೆ ಸಾಕಷ್ಟು ಚರ್ಚೆಯಾಗುತ್ತದೆ. ನಿವೃತ್ತಿಯ ಬಗ್ಗೆ, ಪಿಂಚಣಿಯ ಬಗ್ಗೆಯೂ ಆಗುತ್ತದೆ. ಇವೆರಡರ ನಡುವೆ ಇರುವ ಮೂವತ್ತು, ಮೂವತ್ತೈದು ವರ್ಷಗಳಲ್ಲಿ ಮನುಷ್ಯನಿಗೆ ತನ್ನ ಕೆಲಸದ ಬಗ್ಗೆ ಏನನ್ನಿಸುತ್ತದೆ ಎಂಬುದು ಮಾತ್ರ ಯಾರಿಗೂ ಮುಖ್ಯವೆನಿಸುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿಯವರು ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ದೊಡ್ಡ ವಿವಾದವೇ ಎದ್ದಿತು. ಪರ ವಿರೋಧದ ಮಾತುಗಳೆಲ್ಲವೂ ಗಂಟೆಗಳ ಲೆಕ್ಕದ ಸುತ್ತಲೇ ತಿರುಗಿದವು. ಇಪ್ಪತ್ತೈದು ವರ್ಷದವನ ಹತ್ತು ಗಂಟೆಯೂ ನಲವತ್ತೈದು ವರ್ಷದವನ ಹತ್ತು ಗಂಟೆಯೂ ಒಂದೇ ಅಲ್ಲ ಎಂಬ ಸರಳ ವಿಚಾರ ಆ ಗದ್ದಲದಲ್ಲಿ ಕೇಳಿಸಲಿಲ್ಲ. ಒಬ್ಬನೇ ವ್ಯಕ್ತಿ, ಒಂದೇ ಸಂಸ್ಥೆ, ಒಂದೇ ಮೇಜು. ಆದರೂ ವೃತ್ತಿಜೀವನದ ಬೇರೆ ಬೇರೆ ಹಂತಗಳಲ್ಲಿ ಅವನು ಆ ಮೇಜಿನಿಂದ ಬಯಸುವುದು ಬೇರೆ ಬೇರೆ. ಇದನ್ನು ನಾನು ಪುಸ್ತಕಗಳಿಂದ ಕಲಿತದ್ದು ಸ್ವಲ್ಪ. ಒಂದು ಸಾರ್ವಜನಿಕ ವಲಯದ ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ದುಡಿದು ಕಲಿತದ್ದು ಹೆಚ್ಚು.

ನಾನು ಗುಮಾಸ್ತನಾಗಿ ಸೇರಿದ್ದು 1982ರಲ್ಲಿ. ಆಗ ನನಗೆ ಇಪ್ಪತ್ತೆರಡು ವರ್ಷ. ಗಣಕಯಂತ್ರವಿಲ್ಲದ ಕಾಲ. ಗ್ರಾಹಕರು ಹಿತ್ತಾಳೆಯ ಟೋಕನ್ ಹಿಡಿದು ಬೆಂಚಿನ ಮೇಲೆ ಕಾಯುತ್ತಿದ್ದರು. ಉಳಿತಾಯ ಖಾತೆಗೆ ಬಡ್ಡಿ ಹಾಕಬೇಕಾದರೆ ಪ್ರತಿ ತಿಂಗಳ ಹತ್ತನೆಯ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಶಿಲ್ಕನ್ನು ಲೆಡ್ಜರ್‌ನಲ್ಲಿ ಹುಡುಕಿ, ಕೈಯಿಂದಲೇ ಲೆಕ್ಕ ಹಾಕಬೇಕಿತ್ತು. ಬ್ಯಾಂಕುಗಳ ಲೆಕ್ಕದ ವರ್ಷ ಆಗ ಡಿಸೆಂಬರ್‌ಗೆ ಮುಗಿಯುತ್ತಿತ್ತು. ಡಿಸೆಂಬರ್ 31ರ ರಾತ್ರಿ ಶಾಖೆಯಲ್ಲಿ ಎಲ್ಲರೂ ಕೂತು ತಾಳೆ ನೋಡುತ್ತಿದ್ದೆವು. ಒಮ್ಮೆ ಒಂಬತ್ತು ರೂಪಾಯಿಯ ವ್ಯತ್ಯಾಸ ಬಂದು ರಾತ್ರಿ ಎರಡು ಗಂಟೆಯವರೆಗೆ ಹುಡುಕಿದೆವು. ಯಾರೋ 54 ಎಂದು ಬರೆಯುವಲ್ಲಿ 45 ಎಂದು ಬರೆದಿದ್ದರು. ತಪ್ಪನ್ನು ಕಂಡುಹಿಡಿದವನು ನಾನು. ಆ ರಾತ್ರಿ ಶಾಖೆಯ ಹಿರಿಯ ಅಧಿಕಾರಿಯೊಬ್ಬರು ನನ್ನ ಬೆನ್ನು ತಟ್ಟಿ ತಮ್ಮ ಫ್ಲಾಸ್ಕಿನಿಂದ ಕಾಫಿ ಸುರಿದುಕೊಟ್ಟರು. ಆ ತಿಂಗಳ ಸಂಬಳ ಎಷ್ಟಿತ್ತೆಂದು ಈಗ ನೆನಪಿಲ್ಲ. ಕಾಫಿ ನೆನಪಿದೆ.

ಆ ವಯಸ್ಸಿನಲ್ಲಿ ನನಗೆ ಸ್ವಾತಂತ್ರ್ಯ ಬೇಕಿರಲಿಲ್ಲ. ಹೇಳಿಕೊಡುವವರು ಬೇಕಿತ್ತು, ಸರಿಯಾಗಿ ಮಾಡಿದಾಗ ‘ಸರಿಯಾಗಿದೆ’ ಎನ್ನುವವರು ಬೇಕಿತ್ತು. ನಾನೂ ಈ ಗುಂಪಿಗೆ ಸೇರಿದವನು ಎಂಬ ಭಾವನೆ ಬೇಕಿತ್ತು. ಇದು ನನ್ನೊಬ್ಬನ ಅನುಭವವಲ್ಲ. ಅಮೆರಿಕದ ಸಂಶೋಧಕ ರಾಲ್ಫ್ ಕಾಟ್ಜ್ 1978ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹೇಳುವುದೂ ಇದನ್ನೇ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ತಿಂಗಳುಗಳಲ್ಲಿ ಸ್ವಂತ ನಿರ್ಧಾರದ ಅಧಿಕಾರ ತೃಪ್ತಿ ಕೊಡುವುದಿಲ್ಲ. ತಾವು ಮಾಡುವ ಕೆಲಸಕ್ಕೆ ಮಹತ್ವವಿದೆ ಎಂದು ತಿಳಿಯುವುದು ಕೊಡುತ್ತದೆ. ಕೆಲಸ ಕೈಗೆ ಹತ್ತಿದ ಮೇಲೆ ಸ್ವಂತ ನಿರ್ಧಾರದ ಅವಕಾಶಕ್ಕೆ ಬೆಲೆ ಬರುತ್ತದೆ. ಒಂದೇ ಕೆಲಸದಲ್ಲಿ ತೀರ ದೀರ್ಘಕಾಲ ಉಳಿದುಬಿಟ್ಟವರಲ್ಲಿ ಮಾತ್ರ, ಆ ಕೆಲಸಕ್ಕೆ ಎಷ್ಟೇ ಮೆರುಗು ಕೊಟ್ಟರೂ ಮನಸ್ಸು ಸ್ಪಂದಿಸುವುದು ಕಡಿಮೆಯಾಗುತ್ತ ಹೋಗುತ್ತದೆ.

ಹತ್ತು ವರ್ಷಗಳಲ್ಲಿ ನಾನು ಶಾಖೆಯ ಎಲ್ಲ ಮೇಜುಗಳಲ್ಲೂ ಕೂತು ಎದ್ದೆ. ಬ್ಯಾಂಕಿಂಗ್ ಪರೀಕ್ಷೆಗಳನ್ನು ಪಾಸು ಮಾಡಿದೆ. 1993ರಲ್ಲಿ ಅಧಿಕಾರಿಯಾಗಿ ಬಡ್ತಿ ಬಂತು. ಬಡ್ತಿಯ ಜೊತೆಗೆ ವರ್ಗಾವಣೆಯೂ ಬಂತು. ನಮ್ಮ ಬ್ಯಾಂಕುಗಳಲ್ಲಿ ಈ ಎರಡೂ ಅವಳಿ ಮಕ್ಕಳು. ಮಕ್ಕಳ ಶಾಲೆ, ವಯಸ್ಸಾದ ತಂದೆತಾಯಿ, ಹೆಂಡತಿಯ ಉದ್ಯೋಗ ಇವೆಲ್ಲವೂ ಒಟ್ಟಿಗೇ ಹೆಗಲೇರುವ ವಯಸ್ಸಿನಲ್ಲೇ ಆದೇಶ ಕೈಗೆ ಬರುತ್ತದೆ. ನನ್ನ ಜೊತೆ ಸೇರಿದ ಹಲವು ಪ್ರತಿಭಾವಂತರು ಈ ಕಾರಣಕ್ಕೇ ಬಡ್ತಿ ಬೇಡವೆಂದು ಬರೆದುಕೊಟ್ಟರು. ಅದರಲ್ಲೂ ಮಹಿಳೆಯರು ಹೆಚ್ಚು. ಅವರಿಗೆ ಮಹತ್ವಾಕಾಂಕ್ಷೆ ಇಲ್ಲವೆಂದು ನಾವು ತೀರ್ಮಾನಿಸಿದೆವು. ಮೇಲೇರಬೇಕಾದರೆ ಮನೆ ಬಿಟ್ಟು ಹೊರಡಬೇಕು ಎಂಬ ಒಂದೇ ಏಣಿಯನ್ನು ಇಟ್ಟವರು ನಾವು ಎಂಬುದನ್ನು ಯೋಚಿಸಲಿಲ್ಲ.

ವೇತನಶ್ರೇಣಿಯ ತುದಿ ಮುಟ್ಟಿ ಮುಂದಕ್ಕೆ ದಾರಿಯಿಲ್ಲದೆ ನಿಂತವರಿಗೆ ಬ್ಯಾಂಕುಗಳಲ್ಲಿ ಒಂದು ಹೆಚ್ಚುವರಿ ವೇತನಬಡ್ತಿ ಕೊಡುವ ಪದ್ಧತಿಯಿದೆ. ಅದರ ಹೆಸರು ‘ಸ್ಟ್ಯಾಗ್ನೇಷನ್ ಇಂಕ್ರಿಮೆಂಟ್’. ಕನ್ನಡದಲ್ಲಿ ಹೇಳುವುದಾದರೆ, ನಿಂತ ನೀರಿನ ಭತ್ಯೆ. ಆ ಹೆಸರಿಟ್ಟವರಿಗೆ ವ್ಯಂಗ್ಯದ ಉದ್ದೇಶವಿರಲಾರದು. ಆದರೂ ಒಬ್ಬ ಅನುಭವಿ ನೌಕರನಿಗೆ ‘ನೀನು ನಿಂತ ನೀರು ಎಂಬುದು ನಮಗೆ ತಿಳಿದಿದೆ, ಇದಿಷ್ಟು ಇಟ್ಟುಕೋ’ ಎಂದು ಸಂಸ್ಥೆಯೇ ಲಿಖಿತವಾಗಿ ಹೇಳಿದಂತೆ ನನಗೆ ಯಾವಾಗಲೂ ಕೇಳಿಸುತ್ತಿತ್ತು. ಕೇಂದ್ರ ಸರ್ಕಾರಿ ನೌಕರರಿಗೂ 2008ರ ಸೆಪ್ಟೆಂಬರ್ 1ರಿಂದ ಅನ್ವಯವಾಗುವಂತೆ 10, 20 ಮತ್ತು 30 ವರ್ಷಗಳ ಸೇವೆ ಮುಗಿದಾಗ ಆರ್ಥಿಕ ಮುಂಬಡ್ತಿ ನೀಡುವ ವ್ಯವಸ್ಥೆ ಬಂದಿದೆ. ಇದು ನ್ಯಾಯವೇ, ಅಗತ್ಯವೂ ಹೌದು. ಆದರೆ ಈ ಮುಂಬಡ್ತಿ ಬಂದ ಮರುದಿನವೂ ಆತ ಅದೇ ಕುರ್ಚಿಯಲ್ಲಿ ಅದೇ ಕಡತವನ್ನು ಬಿಚ್ಚುತ್ತಾನೆ. ಬದಲಾಗುವುದು ವೇತನಪಟ್ಟಿ ಮಾತ್ರ.

ಹಣ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಸಂಬಳ ಸಾಲದವನ ಮುಂದೆ ಆತ್ಮತೃಪ್ತಿಯ ಉಪದೇಶ ಮಾಡುವುದು ಕ್ರೌರ್ಯ. ಆದರೆ ಸಂಬಳ ಮಾಡಬಲ್ಲದ್ದಕ್ಕೆ ಒಂದು ಮಿತಿಯಿದೆ. ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಇಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಮಾತನಾಡಿಸಿ 1959ರಲ್ಲಿ ಪ್ರಕಟಿಸಿದ ಪುಸ್ತಕ ಈ ಕ್ಷೇತ್ರದಲ್ಲಿ ಪ್ರಸಿದ್ಧ. ಕೆಲಸದಲ್ಲಿ ಬೇಸರ ತರಿಸುವ ಸಂಗತಿಗಳೂ ತೃಪ್ತಿ ಕೊಡುವ ಸಂಗತಿಗಳೂ ಬೇರೆ ಬೇರೆ ಎಂಬುದು ಅವರ ವಾದ. ಸಂಬಳ, ನಿಯಮಾವಳಿ, ಮೇಲಧಿಕಾರಿಯ ವರ್ತನೆ ಇವು ಸರಿಯಿಲ್ಲದಿದ್ದರೆ ನೌಕರ ನರಳುತ್ತಾನೆ. ಸರಿಯಿದ್ದರೆ ನರಳುವುದಿಲ್ಲ, ಅಷ್ಟೆ. ಅವನಲ್ಲಿ ಹುರುಪು ಹುಟ್ಟುವುದು ಸಾಧನೆಯಿಂದ, ಮನ್ನಣೆಯಿಂದ, ಹೊಣೆಯಿಂದ, ಕೆಲಸದಿಂದಲೇ. ಈ ವಾದಕ್ಕೆ ಆಕ್ಷೇಪಗಳೂ ಬಂದಿವೆ. ಒಳ್ಳೆಯದಾದಾಗ ತನ್ನಿಂದ ಎನ್ನುವುದು, ಕೆಟ್ಟದ್ದಾದಾಗ ಕಚೇರಿಯಿಂದ ಎನ್ನುವುದು ಮನುಷ್ಯಸ್ವಭಾವವಲ್ಲವೇ ಎಂದು ಕೇಳಿದವರಿದ್ದಾರೆ. ಅದೇನೇ ಇರಲಿ, ನನ್ನ ಕಾಫಿಯ ನೆನಪು ಹರ್ಜ್‌ಬರ್ಗ್ ಪರವಾಗಿ ಸಾಕ್ಷಿ ಹೇಳುತ್ತದೆ.

ಇನ್ನೊಂದು ಅಧ್ಯಯನ ನಡುಹಾದಿಯವರ ಕಷ್ಟವನ್ನು ಇನ್ನೂ ನೇರವಾಗಿ ಹೇಳುತ್ತದೆ. ಆಂಡ್ರ್ಯೂ ಕ್ಲಾರ್ಕ್, ಆಂಡ್ರ್ಯೂ ಆಸ್ವಾಲ್ಡ್ ಮತ್ತು ಪೀಟರ್ ವಾರ್ ಬ್ರಿಟನ್ನಿನ ಐದು ಸಾವಿರಕ್ಕೂ ಹೆಚ್ಚು ಉದ್ಯೋಗಿಗಳ ಉತ್ತರಗಳನ್ನು ಪರಿಶೀಲಿಸಿ 1996ರಲ್ಲಿ ಬರೆದ ಲೇಖನದ ಪ್ರಕಾರ, ಉದ್ಯೋಗತೃಪ್ತಿ ವಯಸ್ಸಿನೊಂದಿಗೆ ಸಮನಾಗಿ ಏರುವುದಿಲ್ಲ. ಆರಂಭದಲ್ಲಿ ತಕ್ಕಮಟ್ಟಿಗೆ ಇದ್ದು, ನಂತರ ಕುಸಿದು, ಮುಂದೆ ವಯಸ್ಸಾದಂತೆ ಮತ್ತೆ ಏರುತ್ತದೆ. ಆ ರೇಖೆ ಕಣಿವೆಯ ಆಕಾರದ್ದು. ಅಲ್ಲಿ ತಳ ಮುಟ್ಟುವುದು ಮೂವತ್ತರ ಆಸುಪಾಸಿನಲ್ಲಿ. ಎಲ್ಲ ದೇಶಗಳಲ್ಲೂ ಎಲ್ಲ ವೃತ್ತಿಗಳಲ್ಲೂ ಇದೇ ವಯಸ್ಸಿಗೆ ಕಣಿವೆ ಬರುತ್ತದೆಂದು ಹೇಳಲಾಗದು. ನಮ್ಮಲ್ಲಿ ಒಮ್ಮೆ ಸೇರಿದ ಕೆಲಸವನ್ನು ಬಿಡುವವರು ಕಡಿಮೆಯಾದ್ದರಿಂದ ಅದು ತಡವಾಗಿ ಬಂದು ಹೆಚ್ಚು ಕಾಲ ಉಳಿಯುತ್ತದೆ ಎಂಬುದು ನನ್ನ ಅನಿಸಿಕೆ. ಬೇಸತ್ತವರೆಲ್ಲ ಹೊರಟುಹೋಗಿ ತೃಪ್ತರು ಮಾತ್ರ ಉಳಿದುಕೊಂಡಿರುವುದರಿಂದ ಕೊನೆಯ ಏರಿಕೆ ಕಾಣುತ್ತಿರಬಹುದು ಎಂಬ ಸಂಶಯಕ್ಕೂ ಅವಕಾಶವಿದೆ. ಆದರೆ ಕಣಿವೆ ಎಂಬುದೊಂದು ಇದೆ ಎಂಬ ಬಗ್ಗೆ ನನಗೆ ಸಂದೇಹವಿಲ್ಲ. ನಾನೇ ಅದನ್ನು ಇಳಿದು ಹತ್ತಿದ್ದೇನೆ. ಹತ್ತಲಾಗದವರನ್ನೂ ನೋಡಿದ್ದೇನೆ.

ಈಗ ಆರಂಭದಲ್ಲಿ ಹೇಳಿದ ಸಂಗತಿಗೆ ಬರುತ್ತೇನೆ. 1999ರಲ್ಲಿ ಹಳೆಯ ಮೈಸೂರು ಭಾಗದ ತಾಲ್ಲೂಕು ಕೇಂದ್ರವೊಂದರಲ್ಲಿ ನಾನು ಶಾಖಾ ವ್ಯವಸ್ಥಾಪಕನಾಗಿದ್ದೆ. ನನ್ನ ಕೈಕೆಳಗೆ ನಲವತ್ತೇಳು ವರ್ಷದ ಅಧಿಕಾರಿಯೊಬ್ಬರಿದ್ದರು. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ದೊಡ್ಡವರು. ಹನ್ನೊಂದು ವರ್ಷ ಅವರು ಕೃಷಿ ಸಾಲದ ವಿಭಾಗದಲ್ಲಿದ್ದವರು. ಮೋಟರ್ ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತಿ, ಯಾರ ಬಾವಿಯಲ್ಲಿ ನೀರು ಬಂದಿದೆ, ಯಾರ ಹೊಲದಲ್ಲಿ ರಾಗಿ ಕೈಕೊಟ್ಟಿದೆ ಎಂಬುದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದವರು. ಆಡಳಿತಾತ್ಮಕ ಕಾರಣವೆಂದು ಅವರನ್ನು ಅಂತರ ಶಾಖಾ ಲೆಕ್ಕ ಹೊಂದಾಣಿಕೆಯ ಮೇಜಿಗೆ ಹಾಕಿದ್ದರು. ಹಿಂದಿನ ಕೋಣೆಯಲ್ಲಿ, ಕಿಟಕಿಯಿಲ್ಲದ ಮೂಲೆಯಲ್ಲಿ, ವರ್ಷಗಳ ಹಿಂದಿನ ಚೀಟಿಗಳನ್ನು ಜೋಡಿಸುವ ಕೆಲಸ. ಅವರು ಹತ್ತಕ್ಕೆ ಬರುತ್ತಿದ್ದರು, ಐದಕ್ಕೆ ಹೋಗುತ್ತಿದ್ದರು, ಹೇಳಿದಷ್ಟು ಮಾಡುತ್ತಿದ್ದರು. ಒಂದು ದಿನ ನನ್ನ ಕೋಣೆಗೆ ಬಂದು ‘ಸಾರ್, ವಾರಕ್ಕೆರಡು ದಿನ ಹಳ್ಳಿ ಕಡೆ ವಸೂಲಿಗಾದರೂ ಕಳಿಸಿ’ ಎಂದು ಕೇಳಿದರು. ನಾನು ಹೇಳಿದ್ದು ಇದೇ: ‘ಫ್ಯಾನಿನ ಕೆಳಗೆ ಕೂರಿಸಿ ಅಷ್ಟು ಸಂಬಳ ಕೊಡುತ್ತಿದ್ದಾರೆ, ಬಿಸಿಲಲ್ಲಿ ಯಾಕೆ ಅಲೆಯುತ್ತೀರಿ?’

ಆ ವರ್ಷದ ಗೌಪ್ಯ ವರದಿಯಲ್ಲಿ ಅವರ ಬಗ್ಗೆ ನಾನು ಬರೆದ ವಾಕ್ಯ ನನಗೆ ಈಗಲೂ ಕಂಠಪಾಠ: ‘ಸ್ವಯಂಪ್ರೇರಣೆಯ ಕೊರತೆಯಿದೆ.’ ಆಗ ಗೌಪ್ಯ ವರದಿ ನಿಜಕ್ಕೂ ಗೌಪ್ಯವಾಗಿತ್ತು. ಸರ್ಕಾರಿ ನೌಕರನ ಬಗ್ಗೆ ಬರೆದದ್ದನ್ನು ಅವನಿಗೆ ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ ದೇವ್ ದತ್ತ್ ಪ್ರಕರಣದಲ್ಲಿ ಹೇಳಿದ್ದು 2008ರಲ್ಲಿ. ನಾನು ಬರೆದದ್ದನ್ನು ಅವರು ನೋಡಲೇ ಇಲ್ಲ. ಪ್ರೇರಣೆಯನ್ನೇ ಅರ್ಜಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಿದ್ದ ಮನುಷ್ಯನ ಬಗ್ಗೆ ನಾನು ಹಾಗೆ ಬರೆದಿದ್ದೆ.

2000-01ರಲ್ಲಿ ಸಾರ್ವಜನಿಕ ವಲಯದ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆ ತಂದವು. ಹದಿನೈದು ವರ್ಷ ಸೇವೆ ಅಥವಾ ನಲವತ್ತು ವರ್ಷ ವಯಸ್ಸು ಮುಗಿದವರು ಹೊರಡಬಹುದಿತ್ತು. ದೇಶದಾದ್ಯಂತ ಸುಮಾರು ಒಂದು ಲಕ್ಷ ಮಂದಿ ಹೊರಟರು. ಅವರಲ್ಲಿ ಇವರೂ ಒಬ್ಬರು. ‘ಹೊರೆ ಇಳಿಯಿತು’ ಎಂದು ಆಗ ಅನೇಕ ವ್ಯವಸ್ಥಾಪಕರು ಮಾತಾಡಿಕೊಂಡೆವು. ನಾಲ್ಕೈದು ವರ್ಷಗಳ ನಂತರ ಅದೇ ತಾಲ್ಲೂಕಿನಲ್ಲಿ ಮದುವೆಯೊಂದಕ್ಕೆ ಹೋದಾಗ ಅವರನ್ನು ಕಂಡೆ. ಸುತ್ತಲಿನ ಹಳ್ಳಿಗಳ ಮಹಿಳಾ ಸ್ವಸಹಾಯ ಸಂಘಗಳಿಗೆ ಲೆಕ್ಕ ಬರೆಯುವುದನ್ನು ಕಲಿಸುತ್ತಿದ್ದರು. ಸಂಭಾವನೆ ಎಂಬುದೇನೂ ಇರಲಿಲ್ಲ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು ಒಂದು ಗಂಟೆ ಅದರ ಬಗ್ಗೆಯೇ ಮಾತಾಡಿದರು. ಎಲೆಗೆ ಬಡಿಸಿದ್ದು ಆರಿಹೋಗುತ್ತಿದ್ದರೂ ಅವರಿಗೆ ಪರಿವೆಯಿರಲಿಲ್ಲ. ಹಳೆಯದೇನನ್ನೂ ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಬೇಕಿತ್ತು.

ಈ ಒಂದು ಪ್ರಸಂಗದಿಂದ ಇಡೀ ಸಿದ್ಧಾಂತ ಕಟ್ಟಲು ಹೊರಟಿಲ್ಲ. ಕೆಲಸಗಳ್ಳರು ಇದ್ದಾರೆ, ಅವರನ್ನೂ ಕಂಡಿದ್ದೇನೆ. ಆದರೆ ಮಧ್ಯವಯಸ್ಸಿನ ನೌಕರನ ಉತ್ಸಾಹ ಕುಂದಿದಾಗ ಅದು ಅವನ ಸ್ವಭಾವದ ದೋಷವೆಂದು ಕೂಡಲೇ ತೀರ್ಪು ಕೊಡುವ ನಮ್ಮ ಅಭ್ಯಾಸ ತಪ್ಪು ಎಂಬುದು ನನಗೆ ಆ ಮದುವೆಮನೆಯಲ್ಲಿ ಖಚಿತವಾಯಿತು. ನಲವತ್ತರ ಮನುಷ್ಯನಿಗೆ ಕೆಲಸ ಗೊತ್ತಿರುತ್ತದೆ. ಕಲಿಯುವ ಸುಖ ಮುಗಿದಿರುತ್ತದೆ. ಅವನಿಗೆ ಈಗ ಬೇಕಾದದ್ದು ತನ್ನ ತಿಳಿವಳಿಕೆಯನ್ನು ಬಳಸಿ ತೀರ್ಮಾನಿಸುವ ಅವಕಾಶ. ವಿಪರ್ಯಾಸವೆಂದರೆ ನಮ್ಮ ಸಂಸ್ಥೆಗಳು ಅವನಿಂದ ಕಿತ್ತುಕೊಳ್ಳುತ್ತಿರುವುದು ಅದನ್ನೇ. ನಾನು ವ್ಯವಸ್ಥಾಪಕನಾದ ಹೊಸತರಲ್ಲಿ ಅರ್ಜಿದಾರನ ಅಂಗಡಿಗೆ ಹೋಗಿ, ಅವನ ದಾಸ್ತಾನು ನೋಡಿ, ಅಕ್ಕಪಕ್ಕದವರನ್ನು ವಿಚಾರಿಸಿ ಸಾಲ ಮಂಜೂರು ಮಾಡುತ್ತಿದ್ದೆ. ತಪ್ಪಿದರೆ ನಾನೇ ಹೊಣೆ. ಮುಂದೆ ಗಣಕೀಕರಣ ಬಂತು, ಸಾಲ ಮಂಜೂರಾತಿ ದೂರದ ಕೇಂದ್ರೀಕೃತ ಘಟಕಗಳಿಗೆ ಹೋಯಿತು. ಅದರಿಂದ ವೇಗ ಬಂತು, ಕೆಲವು ಅಕ್ರಮಗಳೂ ತಪ್ಪಿದವು, ಒಪ್ಪುತ್ತೇನೆ. ಆದರೆ ಶಾಖೆಯ ಅನುಭವಿ ಅಧಿಕಾರಿಯ ಪಾಲಿಗೆ ಉಳಿದದ್ದು ಕಾಗದಗಳನ್ನು ಸ್ಕ್ಯಾನ್ ಮಾಡಿ ಕಳಿಸುವುದು ಮತ್ತು ವಿಮೆ, ಮ್ಯೂಚುವಲ್ ಫಂಡ್‌ಗಳ ಗುರಿ ಮುಟ್ಟಿಸುವುದು. ಇಪ್ಪತ್ತು ವರ್ಷದ ಅನುಭವಕ್ಕೂ ಎರಡು ವರ್ಷದ ಅನುಭವಕ್ಕೂ ಅಲ್ಲಿ ವ್ಯತ್ಯಾಸವಿಲ್ಲ. ‘ನಾನು ಹೋಗದಿದ್ದರೆ ಏನೂ ನಿಲ್ಲಲ್ಲ’ ಎಂದ ನನ್ನ ಸೋದರಳಿಯನ ಮಾತು ಇದೇ ಶೂನ್ಯದಿಂದ ಬಂದದ್ದು.

ಕಣಿವೆಯ ಆಚೆ ದಂಡೆಯನ್ನೂ ಹೇಳಬೇಕು. 2011ರಿಂದ ಬ್ಯಾಂಕುಗಳ ನೇಮಕಾತಿಗೆ ಐಬಿಪಿಎಸ್‌ನ ಸಾಮಾನ್ಯ ಪರೀಕ್ಷೆ ಬಂತು. ವರ್ಷಗಟ್ಟಲೆ ಹೊಸಬರನ್ನೇ ಕಾಣದಿದ್ದ ಶಾಖೆಗಳಿಗೆ ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು ಬರತೊಡಗಿದರು. ಅನೇಕರು ಉತ್ತರದ ರಾಜ್ಯಗಳವರು, ಕನ್ನಡ ಬಾರದವರು. ಕೌಂಟರ್ ಮುಂದೆ ನಿಂತ ಅಜ್ಜಿಗೂ ಒಳಗೆ ಕೂತ ಹುಡುಗನಿಗೂ ನಡುವೆ ಗಾಜಿಗಿಂತ ದಪ್ಪನೆಯ ಗೋಡೆ. ಸಂಜೆ ಅರ್ಧ ಗಂಟೆ ಅವರನ್ನು ಕೂರಿಸಿಕೊಂಡು ‘ಪಾಸ್‌ಬುಕ್ ತಂದಿದ್ದೀರಾ, ಅಜ್ಜಿ?’ ಎನ್ನುವುದರಿಂದ ಆರಂಭಿಸಿ ನಾನು ಕನ್ನಡ ಕಲಿಸಲು ತೊಡಗಿದೆ. ಯಾರೂ ಹೇಳಿರಲಿಲ್ಲ, ಯಾವ ನಮೂನೆಯಲ್ಲೂ ಇದಕ್ಕೆ ಅಂಕವಿರಲಿಲ್ಲ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾಗಿ, 10ರಂದು ಬಾಗಿಲು ತೆರೆದಾಗ ಬೀದಿಯ ತಿರುವಿನವರೆಗೆ ಜನ. ಅಷ್ಟೊಂದು ನಗದನ್ನು ಆ ಮಕ್ಕಳು ಕಂಡೇ ಇರಲಿಲ್ಲ. ಕಟ್ಟುಗಳನ್ನು ಹೇಗೆ ವಿಂಗಡಿಸಬೇಕು, ವ್ಯತ್ಯಾಸ ಬಂದರೆ ಎಲ್ಲಿಂದ ಹುಡುಕಬೇಕು, ಸಿಟ್ಟಾದ ಜನರನ್ನು ಹೇಗೆ ಮಾತಾಡಿಸಬೇಕು ಎಂಬ ನನ್ನ ಹಳೆಯ ವಿದ್ಯೆಗೆ ಒಮ್ಮೆಲೇ ಬೇಡಿಕೆ ಬಂತು. ನನ್ನ ಸೇವೆಯ ಅತ್ಯಂತ ದಣಿವಿನ ವಾರಗಳು ಅವು. ಮನೆಗೆ ಬರುವಾಗ ರಾತ್ರಿ ಹನ್ನೊಂದಾಗುತ್ತಿತ್ತು. ಆದರೂ 1982ರ ಹುಡುಗನ ಹುರುಪು ನನ್ನೊಳಗೆ ಮತ್ತೆ ಕಾಣಿಸಿಕೊಂಡಿತ್ತು. ಈ ಬಾರಿ ನನಗೆ ಬೇಕಿದ್ದದ್ದು ಬೆನ್ನು ತಟ್ಟುವವರಲ್ಲ, ತಟ್ಟಲು ಬೆನ್ನುಗಳು. ಮನೋವಿಜ್ಞಾನಿ ಎರಿಕ್ ಎರಿಕ್‌ಸನ್ ಮಧ್ಯವಯಸ್ಸನ್ನು ಕುರಿತು ಹೇಳಿದ್ದೂ ಇದೇ ಅಲ್ಲವೇ? ಮುಂದಿನ ತಲೆಮಾರನ್ನು ಬೆಳೆಸುವ ದಾರಿ ಸಿಗದವನು ಒಳಗೇ ನಿಂತ ನೀರಾಗುತ್ತಾನೆ.

ಹಾಗಾದರೆ ಮಾಡಬೇಕಾದದ್ದೇನು? ಅನುಭವದಿಂದ ಹುಟ್ಟಿದ ನಾಲ್ಕು ಸಲಹೆಗಳನ್ನು ಇಲ್ಲಿ ಇಡುತ್ತೇನೆ.

ಮೊದಲನೆಯದಾಗಿ, ಹತ್ತು ಹದಿನೈದು ವರ್ಷಗಳ ಸೇವೆ ಮುಗಿಸಿದ ಪ್ರತಿಯೊಬ್ಬರನ್ನೂ ಸಂಸ್ಥೆ ಕೂರಿಸಿಕೊಂಡು ಒಮ್ಮೆ ಮಾತಾಡಿಸಬೇಕು. ಇದು ಮೌಲ್ಯಮಾಪನವಾಗಿರಬಾರದು, ಅಂಕ, ಗುರಿ, ವರದಿ ಯಾವುದೂ ಇರಬಾರದು. ನಿಮಗೆ ಏನು ಗೊತ್ತಿದೆ, ಅದರಲ್ಲಿ ಎಷ್ಟನ್ನು ನಾವು ಬಳಸುತ್ತಿದ್ದೇವೆ ಎಂಬ ಎರಡೇ ಪ್ರಶ್ನೆ ಸಾಕು. ಕೇಂದ್ರ ಸರ್ಕಾರ 2020ರಲ್ಲಿ ‘ಮಿಷನ್ ಕರ್ಮಯೋಗಿ’ ಯೋಜನೆ ಆರಂಭಿಸಿ ನೌಕರರಿಗೆ ಆನ್‌ಲೈನ್ ತರಬೇತಿ ಕೊಡುತ್ತಿದೆ. ತರಬೇತಿ ಒಳ್ಳೆಯದೇ. ಆದರೆ ಮುಗಿಸಿದ ಕೋರ್ಸುಗಳ ಎಣಿಕೆ ಈ ಮಾತುಕತೆಗೆ ಬದಲಿಯಾಗದು.

ಎರಡನೆಯದಾಗಿ, ಮೇಲೇರಲು ಒಂದಕ್ಕಿಂತ ಹೆಚ್ಚು ಏಣಿಗಳಿರಬೇಕು. ನಿಪುಣ ಕೆಲಸಗಾರರೆಲ್ಲ ಆಡಳಿತಗಾರರಾಗಬೇಕಿಲ್ಲ. ಒಳ್ಳೆಯ ಮೇಷ್ಟರನ್ನು ಕಡತ ನೋಡಲು ಕಚೇರಿಗೆ ಕಳಿಸಿ, ಒಳ್ಳೆಯ ಇಂಜಿನಿಯರನ್ನು ಹಾಜರಿ ಪುಸ್ತಕ ಕಾಯಲು ಕೂರಿಸಿ ನಾವು ಇಬ್ಬರನ್ನೂ ಕಳೆದುಕೊಳ್ಳುತ್ತೇವೆ. ಊರು ಬಿಡದೆ, ಕಸುಬು ಬಿಡದೆ ಗೌರವ ಮತ್ತು ವೇತನ ಎರಡರಲ್ಲೂ ಬೆಳೆಯುವ ದಾರಿ ಬೇಕು.

ಮೂರನೆಯದಾಗಿ, ನಿವೃತ್ತಿಗೆ ಮುಂಚಿನ ಎರಡು ಮೂರು ವರ್ಷಗಳಲ್ಲಿ ಕೆಲಸದ ಒಂದು ಭಾಗವನ್ನು ಕಿರಿಯರಿಗೆ ಕಲಿಸಲೆಂದೇ ಮೀಸಲಿಡಬೇಕು. ‘ಇನ್ನೇನು ಹೊರಡುವವರು’ ಎಂದು ಅವರನ್ನು ಮೂಲೆಗೆ ಸರಿಸುವುದು ಸಂಸ್ಥೆಗೇ ನಷ್ಟ. 2020ರ ಏಪ್ರಿಲ್ 1ರಂದು ಹತ್ತು ಸಾರ್ವಜನಿಕ ವಲಯದ ಬ್ಯಾಂಕುಗಳು ನಾಲ್ಕಾಗಿ ವಿಲೀನಗೊಂಡಾಗ ಎಷ್ಟೋ ಶಾಖೆಗಳ ಸ್ಥಳೀಯ ತಿಳಿವಳಿಕೆ, ಯಾವ ದಾಖಲೆಗೂ ಇಳಿಯದೆ, ನಿವೃತ್ತರ ಜೊತೆ ಮನೆಗೆ ಹೋಯಿತು.

ನಾಲ್ಕನೆಯದು, ಮೌಲ್ಯಮಾಪನದ ನಮೂನೆಗೆ ಒಂದು ಕಾಲಂ ಸೇರಿಸಬೇಕು. ‘ಈ ನೌಕರನಿಗೆ ಈ ವರ್ಷ ನೀವು ಯಾವ ಹೊಸ ಹೊಣೆ ಕೊಟ್ಟಿರಿ?’ ಎಂದು ಮೇಲಧಿಕಾರಿಯನ್ನು ಅದು ಕೇಳಬೇಕು. ಆ ಕಾಲಂ ಖಾಲಿ ಬಿಟ್ಟವರಿಗೆ ಪ್ರೇರಣೆಯ ಕೊರತೆಯ ಬಗ್ಗೆ ಬರೆಯುವ ಹಕ್ಕು ಇರಕೂಡದು.

ಇಷ್ಟೆಲ್ಲ ಹೇಳುವಾಗ ನನಗೊಂದು ಮುಜುಗರವೂ ಇದೆ. ವೃತ್ತಿಜೀವನಕ್ಕೆ ಹಂತಗಳಿರುವುದೇ ಒಂದು ಭಾಗ್ಯ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನು ನೋಡಿ. ಹತ್ತು, ಹದಿನೈದು ವರ್ಷ ಪಾಠ ಮಾಡಿದವರೂ ಪ್ರತಿ ವರ್ಷ ಹೊಸಬರಂತೆ ಅರ್ಜಿ ಹಾಕಿ ಕಾಯುತ್ತಾರೆ. ನಾನು ಕೆಲಸ ಮಾಡಿದ ಶಾಖೆಗಳಲ್ಲೇ ಹೊರಗುತ್ತಿಗೆಯ ಮೇಲೆ ಬಂದು ಕಸ ಗುಡಿಸಿ, ಚಹ ತಂದು, ಬಾಗಿಲು ಕಾದವರು ವರ್ಷಗಟ್ಟಲೆ ಮೊದಲ ದಿನದಲ್ಲೇ ಉಳಿದರು. ಅವರಿಗೆ ಇಳಿಯಲು ಕಣಿವೆಯೂ ಇಲ್ಲ, ಹತ್ತಲು ದಂಡೆಯೂ ಇಲ್ಲ. ಅವರ ಸೇವೆಗೆ ಭದ್ರತೆ ಕೊಡದೆ ಉಳಿದವರ ಉದ್ಯೋಗತೃಪ್ತಿಯ ಬಗ್ಗೆ ಮಾತ್ರ ವಿಚಾರ ಸಂಕಿರಣ ನಡೆಸಿದರೆ ಅದು ಹೊಟ್ಟೆ ತುಂಬಿದವರ ಚರ್ಚೆಯಾಗುತ್ತದೆ.

ಕೆಲಸವನ್ನು ಪ್ರೀತಿಸುವುದು ಕೊನೆಗೂ ವ್ಯಕ್ತಿಯ ಕೈಯಲ್ಲೇ ಇದೆ ಎಂದು ಕೆಲವರು ವಾದಿಸಬಹುದು. ನಮ್ಮ ನಾಡಿನಲ್ಲಿ ಇಂಥ ವಾದ ಬಂದಾಗಲೆಲ್ಲ ಶರಣರ ಕಾಯಕತತ್ತ್ವವನ್ನು ಎಳೆದು ತರುವುದು ವಾಡಿಕೆ. ಬೀಳ್ಕೊಡುಗೆ ಸಮಾರಂಭಗಳಲ್ಲಿ ನಾನೂ ತಂದಿದ್ದೇನೆ. ಆದರೆ ಶರಣರು ಕಾಯಕದ ನಿಯಮವನ್ನು ಹಾಕಿಕೊಂಡದ್ದು ತಮ್ಮ ಮೇಲೆ ತಾವೇ. ಅದು ಮೇಲಧಿಕಾರಿ ಕೆಳಗಿನವರಿಗೆ ಓದಿ ಹೇಳುವ ಸುತ್ತೋಲೆಯಲ್ಲ. ವ್ಯಕ್ತಿಯ ಪಾತ್ರ ಖಂಡಿತ ಇದೆ. ತನಗೆ ಏನು ಬೇಕೆಂದು ಕೇಳುವ ಧೈರ್ಯ ಅವನಿಗಿರಬೇಕು. ಆದರೆ ಕೇಳಿದಾಗ ಏನಾಗುತ್ತದೆ ಎಂಬುದು ಕೇಳಿಸಿಕೊಳ್ಳುವವನ ಕೈಯಲ್ಲಿದೆ.

ಮೊನ್ನೆ ಸೋದರಳಿಯನಿಗೆ ಫೋನ್ ಮಾಡಿದೆ. ಯುಗಾದಿಯ ದಿನ ನಾನು ಹೇಳಿದ್ದು ಸರಿಯಲ್ಲ, ನಿನ್ನ ಮಾತು ನನಗೆ ಅರ್ಥವಾಗಿದೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಏನು ಮಾಡಬೇಕು ಅಂತೀರಿ ಮಾವ?’ ಎಂದ. ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಈ ಭಾನುವಾರ ಬಾ, ಕೂತು ಮಾತಾಡೋಣ ಎಂದಿದ್ದೇನೆ. 1999ರಲ್ಲಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದವರಿಗೂ ನಾನು ಹೇಳಬೇಕಿದ್ದದ್ದು ಇಷ್ಟೇ.